ಸಬರಮತಿಯ ಕುಂಬಳಕಾಯಿ, ಅವ್ವನ ಗಾರಿಗೆ

ಗುಜರಾತಿಯಲ್ಲಿ ಕುಂಬಳಕಾಯಿಗೆ ಕೋಳುಂ ಅನ್ನುತ್ತಾರೆ. ಅಹಮದಾಬಾದಿನಲ್ಲಿ ಲಾರಿ ಅಂದರೆ ತರಕಾರಿ ಮಾರುವ ತಳ್ಳುಗಾಡಿ. ಆ ಲಾರಿಯವನ ಹತ್ತಿರ ಬರೀ ಕೋಳುಂ ಕೇಳಿದರೆ ಕೇಸರಿ ತಿರುಳಿನ ಸಿಹಿಗುಂಬಳವನ್ನು ಹೋಳು ಕೊಯ್ದು ತೂಗುತ್ತಾನೆ. ಬೂದುಗುಂಬಳ ಬೇಕಿದ್ದರೆ ಭೂರುಂ ಕೋಳುಂ ಅಂತ ಬಿಡಿಸಿ ಹೇಳಬೇಕು. ನಮ್ಮಲ್ಲಿಯೂ ಹೀಗೇ. ಬೂದು ಅನ್ನುವ ವಿಶೇಷಣ ಹಚ್ಚದಿದ್ದರೆ ಸಂತೆಯಲ್ಲಿ ಕೈಗೆ ಬರುವುದು ಇನ್ನೊಂದೇ ಕಾಯಿ.

ಇದರಲ್ಲೊಂದು ತಮಾಷೆಯಿದೆ. ಈ ನೆಲದ ಹಳೆಯ ಕುಂಬಳ ಬೂದುಗುಂಬಳವೇ. ಸಂಸ್ಕೃತದ ಕೂಷ್ಮಾಂಡ ಅದು, ಆಯುಧಪೂಜೆಗೆ ಒಡೆಯುವುದು ಅದು, ಮದುವೆ ಊಟದ ಕಾಶಿ ಹಲ್ವಕ್ಕೆ ತುರಿಯುವುದೂ ಅದೇ. ಸಿಹಿಗುಂಬಳ ಆಮೇಲೆ ಬಂದ ನೆಂಟ. ಬಂದವನು ಮನೆಯ ಹೆಸರನ್ನೇ ಇಟ್ಟುಕೊಂಡ, ಮನೆಯವನು 'ಬೂದು' ಅಂತ ಗುರುತು ಹಚ್ಚಿಕೊಂಡು ಓಡಾಡುವ ಹಾಗಾಯಿತು. ನಮ್ಮ ಆಫೀಸಿನಲ್ಲಿ ಇಬ್ಬರು ಒಂದೇ ಹೆಸರಿನವರಿದ್ದರೆ ಹಳಬನಿಗೇ ಅಡ್ಡಹೆಸರು ಬೀಳುವುದನ್ನು ನೋಡಿದ್ದೇನೆ.

ಸಿಹಿಗುಂಬಳದ ತವರು ಅಮೆರಿಕ ಖಂಡ. ಮೆಕ್ಸಿಕೋದ ಓಹಾಕಾ ಪ್ರದೇಶದ ಗಿಲಾ ನಾಕಿಟ್ಸ್ ಎಂಬ ಗುಹೆಯಲ್ಲಿ ಸಿಕ್ಕ ಕುಂಬಳ ಜಾತಿಯ ಬೀಜಗಳಿಗೆ ಸುಮಾರು 10,000 ವರ್ಷ. ಜೋಳಕ್ಕಿಂತ ಮುಂಚೆಯೇ ಅಲ್ಲಿಯ ಜನ ಈ ಬಳ್ಳಿಯನ್ನು ಪಳಗಿಸಿದ್ದರು. 1492ರ ನಂತರ ಅದು ಸಮುದ್ರ ದಾಟಿತು. ಪೋರ್ಚುಗೀಸರು 1510ರಲ್ಲಿ ಗೋವೆ ಹಿಡಿದರು, 1535ರಲ್ಲಿ ದೀವ್‌ನಲ್ಲಿ ಕೋಟೆ ಕಟ್ಟಿದರು, 1559ರಲ್ಲಿ ದಮನ್ ತೆಗೆದುಕೊಂಡರು. ಖಂಭಾತ್ ಕೊಲ್ಲಿಯ ಎರಡು ತುದಿಗೆ ಅವರು ಕಾವಲು ಕೂತರು, ನಡುವೆ ತಾಪಿ ನದಿಯ ದಡದಲ್ಲಿ ಸೂರತ್. ಮೆಣಸಿನಕಾಯಿ, ಗೋಡಂಬಿ, ಪಪ್ಪಾಯಿ, ಅನಾನಸ್ ಎಲ್ಲ ಬಂದದ್ದು ಇದೇ ಸಾಲಿನಲ್ಲಿ. ಕಾಳುಮೆಣಸಿಗೂ ಬಟ್ಟೆಗೂ ವ್ಯಾಪಾರಿಗಳು ಲೆಕ್ಕ ಇಟ್ಟರು, ಕುಂಬಳದ ಬೀಜಕ್ಕೆ ಯಾರು ಇಡುತ್ತಾರೆ? ಇಲ್ಲಿ ಭಾಷೆಯೇ ಲೆಕ್ಕದ ಪುಸ್ತಕ. ತಮಿಳಿನಲ್ಲಿ ಇದಕ್ಕೆ ಪರಂಗಿಕ್ಕಾಯಿ ಎಂಬ ಹೆಸರು ಇವತ್ತಿಗೂ ಇದೆ. ಪರಂಗಿ ಎಂದರೆ ಫರಂಗಿ, ಕಡಲಾಚೆಯ ಬಿಳಿಯ. ನಮ್ಮ ಮಲೆನಾಡಿನವರು ಚೀನಿಕಾಯಿ ಅನ್ನುತ್ತಾರೆ. ಹೊರಗಿನದು ಎಂಬ ನೆನಪು ಹೆಸರಿನಲ್ಲಿ ಅಷ್ಟಾದರೂ ಉಳಿದಿದೆ.

ನಾನು ಬಾಗಲಕೋಟೆ ಕಡೆಯವನು. ನಮ್ಮ ಕಡೆ ಕುಂಬಳಕಾಯಿ ಅಂದರೆ ಗಾರಿಗೆ. ಕಾಯಿ ತುರಿದು, ಮಹಾಲಿಂಗಪುರದ ಬೆಲ್ಲ ಹಾಕಿ ಬೇಯಿಸಿ, ಆ ಪಾಕ ಹಿಡಿಯುವಷ್ಟು ಗೋಧಿಹಿಟ್ಟು ಕಲಸಿ, ಏಲಕ್ಕಿ ಹಾಕಿ, ಮೇಲೆ ಗಸಗಸೆಯನ್ನೋ ಎಳ್ಳನ್ನೋ ಒತ್ತಿ ಎಣ್ಣೆಯಲ್ಲಿ ಕರಿಯುವುದು. ಮರಾಠಿಯವರಿಗೆ ಇದೇ ಘಾರಗೆ. ವಡೋದರಾದಲ್ಲಿ ಗಾಯಕವಾಡರ ಕಾಲದಿಂದ ನೆಲೆಸಿದ ಮರಾಠಿ ಮನೆಗಳಿವೆ. ಅಂಥ ಒಂದು ಮನೆಯಲ್ಲಿ ತಟ್ಟೆಗೆ ಬಂದ ಘಾರಗೆಯನ್ನು ನೋಡಿ ನಮ್ಮವ್ವ, "ಇದು ನಮ್ಮ ಗಾರಿಗೀನs ಅಲ್ಲೇನೋ" ಅಂದಳು. ಭಾಷೆ ಗೊತ್ತಿಲ್ಲದ ಊರಿನಲ್ಲಿ ಅವಳಿಗೆ ಸಿಕ್ಕ ಮೊದಲ ಪರಿಚಯದ ಮುಖ ಅದು. ಹೆಸರು ಮಾತ್ರ ಕಾಯಿಗಿಂತ ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ, ಅಂದರೆ 1130ರ ಸುಮಾರಿನಲ್ಲಿ, ಘಾರಿಕಾ ಎಂಬ ಕರಿದ ತಿಂಡಿ ಬರುತ್ತದೆ. ಅದು ಉದ್ದಿನ ಹಿಟ್ಟಿನದು. ಬಾಣಲೆಯೂ ಹೆಸರೂ ಮೊದಲೇ ಇದ್ದವು, ಅಮೆರಿಕದ ಕಾಯಿ ನಾಲ್ಕು ಶತಮಾನ ತಡವಾಗಿ ಬಂದು ಅದರೊಳಗೆ ಬಿತ್ತು. ಸೂರತ್ತಿನಲ್ಲಿ ಚಾಂದನಿ ಪಡವಾ ದಿನ, ಅಂದರೆ ಶರದ್ ಪೂರ್ಣಿಮೆಯ ಮರುದಿನ, ಊರಿಗೆ ಊರೇ ತಿನ್ನುವ ಘಾರಿ ಇದೆಯಲ್ಲ, ಕಿವಿಗೆ ನೆಂಟನ ಹಾಗೆ ಕೇಳಿಸಿದರೂ ಅದು ಬೇರೆ ಜಾತಿ. ಒಳಗೆ ಮಾವಾ, ಹೊರಗೆ ಮೈದಾ, ಅದರ ಮೇಲೆ ಬೆಳ್ಳಗೆ ಹೆಪ್ಪುಗಟ್ಟಿದ ತುಪ್ಪ. ಕ್ಯಾಲರಿ ಎಂಬ ಪದವನ್ನು ಆ ದಿನ ಸೂರತ್ತಿನಲ್ಲಿ ಎತ್ತಬಾರದು.

ಸಿಹಿಗುಂಬಳದ ಹಲ್ವವನ್ನು ಸಕ್ಕರೆ ಕಡಿಮೆ ಮಾಡಿ ಹೇಗೆ ಮಾಡುವುದು ಎಂದು ಹುಡುಕಲು ಹೋದವನು ನಾನು. ಮನೆಯಲ್ಲಿ ಅಪ್ಪನಿಗೆ ಹನ್ನೊಂದು ವರ್ಷದಿಂದ ಸಕ್ಕರೆ ಕಾಯಿಲೆ. ಹಬ್ಬದ ದಿನ ಎಲ್ಲರೂ ಸಿಹಿ ತಿನ್ನುವಾಗ ಆತ ಎದ್ದು ಬಾಲ್ಕನಿಗೆ ಹೋಗಿಬಿಡುತ್ತಾನೆ. ಹುಡುಕುತ್ತ ಹೋದರೆ ದಾರಿ ಅಡುಗೆಪುಸ್ತಕಕ್ಕೆ ಹೋಗದೆ ಸಬರಮತಿ ಆಶ್ರಮಕ್ಕೆ ಹೋಯಿತು. ಅಹಮದಾಬಾದಿನಲ್ಲಿ ಕುಂಬಳಕಾಯಿಯನ್ನು 'ಆರೋಗ್ಯಕರ'ವಾಗಿ ಬೇಯಿಸಿದ ಅತಿ ಪ್ರಸಿದ್ಧ ಅಡುಗೆಮನೆ ಅದೇ.

ಗಾಂಧೀಜಿ 1915ರಲ್ಲಿ ಕೋಚರಬ್‌ನಲ್ಲಿ ಆಶ್ರಮ ಆರಂಭಿಸಿ 1917ರಲ್ಲಿ ಅದನ್ನು ಸಬರಮತಿ ದಡಕ್ಕೆ ತಂದರು. ಆಶ್ರಮದ ವ್ರತಗಳಲ್ಲಿ ಸತ್ಯ, ಅಹಿಂಸೆಗಳ ಜೊತೆ ಅಸ್ವಾದವೂ ಒಂದು. ನಾಲಿಗೆಯ ರುಚಿಗಾಗಿ ತಿನ್ನಬಾರದು, ದೇಹಕ್ಕೆ ಔಷಧ ಹಾಕಿದಂತೆ ತಿನ್ನಬೇಕು. ಈ ವ್ರತಕ್ಕೆ ಹೇಳಿ ಮಾಡಿಸಿದ ತರಕಾರಿ ಕುಂಬಳಕಾಯಿ. ಅಗ್ಗ, ಕೆಡುವುದಿಲ್ಲ, ಒಂದು ಕಾಯಿಯಲ್ಲಿ ಇಪ್ಪತ್ತು ಜನರ ಊಟ. ನೀರಲ್ಲಿ ಬೇಯಿಸಿದರು, ಒಗ್ಗರಣೆ ಇಲ್ಲ, ಖಾರ ಇಲ್ಲ. ಆಶ್ರಮದವರು ಮುಂದೆ ನಗುತ್ತ ನೆನೆಸಿಕೊಂಡ ಕಥೆಯೊಂದಿದೆ. ದಿನವೂ ಈ ಸಪ್ಪೆ ಕುಂಬಳವನ್ನು ತಿಂದು ತೇಗು, ತಲೆಸುತ್ತು ಹತ್ತಿಸಿಕೊಂಡ ಹೆಂಗಸರು ಕುಂಬಳಕಾಯಿಯ ಮೇಲೆ ಒಂದು ಹಾಡು ಕಟ್ಟಿ ಬಾಪೂ ಕಿವಿಗೆ ಮುಟ್ಟಿಸಿದರಂತೆ. ಬಾಪೂ ನಕ್ಕು, ಬೇಕಾದವರು ಒಗ್ಗರಣೆ ಹಾಕಿಕೊಳ್ಳಲಿ ಎಂದರಂತೆ.

ಈ ಕಥೆಯನ್ನು ಗಾಂಧಿಯ ದೊಡ್ಡತನಕ್ಕೆ ಉದಾಹರಣೆಯಾಗಿ ಹೇಳುವುದು ರೂಢಿ. ನನಗೆ ಅದರಲ್ಲಿ ಕಾಣುವುದು ಹೆಂಗಸರ ದೊಡ್ಡತನ. ಜೈಲಿಗೆ ಹೋಗಲು ತಯಾರಿದ್ದವರು ಅವರು, ಚರಕ ತಿರುಗಿಸಿದವರು. ಅಂಥವರು ಸಾಸಿವೆ-ಇಂಗಿಗಾಗಿ ಸತ್ಯಾಗ್ರಹ ಹೂಡಿದರು, ಅದೂ ಹಾಡಿನಲ್ಲಿ. ದೇಹಕ್ಕೆ ಒಳ್ಳೆಯದು ಯಾವುದು ಎಂದು ಒಬ್ಬ ನಿರ್ಧರಿಸಿ ಉಳಿದವರು ಸುಮ್ಮನೆ ನುಂಗುವುದು ನಮ್ಮ ಮನೆಗಳಲ್ಲಿಯೂ ನಡೆಯುತ್ತದೆ. ಅಪ್ಪನ ತಟ್ಟೆಯ ವಿಷಯದಲ್ಲಿ ಆ 'ಒಬ್ಬ' ನಾನೇ ಆಗಿರುತ್ತೇನೆ.

ಗಾಂಧಿಗೆ ಸಕ್ಕರೆಯ ಮೇಲಿದ್ದ ಗುಮಾನಿಗೆ ವ್ರತ ಮಾತ್ರ ಕಾರಣವಲ್ಲ ಅಂತ ನನ್ನ ಅನಿಸಿಕೆ. ಅವರು 1893ರಿಂದ 1914ರವರೆಗೆ ಬಹುಪಾಲು ಕಳೆದದ್ದು ದಕ್ಷಿಣ ಆಫ್ರಿಕಾದಲ್ಲಿ. ನಟಾಲ್ ಎಂದರೆ ಕಬ್ಬಿನ ತೋಟ. 1860ರ ನವೆಂಬರಿನಲ್ಲಿ ಮದರಾಸಿನಿಂದ ಹೊರಟ ಟ್ರೂರೋ ಹಡಗು ಮೊದಲ ಗಿರ್ಮಿಟ್ ಕೂಲಿಗಳನ್ನು ಡರ್ಬನ್ನಿಗೆ ಇಳಿಸಿತು. ಮಾರಿಷಸ್ಸಿಗೆ 1834ರಿಂದ, ಫಿಜಿಗೆ 1879ರಿಂದ ಹೀಗೆಯೇ ಜನ ಹೋದರು. ಗುಲಾಮಗಿರಿ ರದ್ದಾದ ಮೇಲೆ ಕಬ್ಬು ಕಡಿಯಲು ಕೈ ಬೇಕಿತ್ತು, ಆ ಕೈ ನಮ್ಮವು. ಅವರ ಹಿಂದೆಯೇ ಅಂಗಡಿ ಇಡಲು ಸ್ವಂತ ಖರ್ಚಿನಲ್ಲಿ ಹಡಗು ಹತ್ತಿದವರಲ್ಲಿ ಸೂರತ್ ಸುತ್ತಲಿನ ರಾಂದೇರ್, ಕಠೋರ್ ಊರುಗಳ ವ್ಯಾಪಾರಿಗಳು ಬಹಳ. ಗಾಂಧಿಯ ಕಚೇರಿಗೆ ಕಕ್ಷಿದಾರರಾಗಿ ಬರುತ್ತಿದ್ದವರು ಇಂಥ ವ್ಯಾಪಾರಿಗಳು, ಏಟು ತಿಂದು ಬರುತ್ತಿದ್ದವರು ಆ ಕೂಲಿಗಳು. ಹೊಸ ಗಿರ್ಮಿಟ್ ನೇಮಕಾತಿ ನಿಂತದ್ದು 1917ರಲ್ಲಿ, ಆಶ್ರಮ ಸಬರಮತಿಗೆ ಬಂದ ವರ್ಷ.

ಇತ್ತ ದೇಶದೊಳಗೆ ಬಿಳಿ ಸಕ್ಕರೆ ಸಾಮಾನ್ಯರ ಮನೆಗೆ ನುಗ್ಗಿದ್ದು ನಾವು ಅಂದುಕೊಂಡದ್ದಕ್ಕಿಂತ ಈಚೆಗೆ. 1932ರಲ್ಲಿ ಸರಕಾರ ದೇಶೀ ಸಕ್ಕರೆ ಉದ್ಯಮಕ್ಕೆ ಸುಂಕದ ರಕ್ಷಣೆ ಕೊಟ್ಟಿತು. ಮೂವತ್ತರ ಆಸುಪಾಸಿನಲ್ಲಿದ್ದ ಗಿರಣಿಗಳು ಕೆಲವೇ ವರ್ಷದಲ್ಲಿ ನೂರು ದಾಟಿದವು. ನಮ್ಮ ಮಂಡ್ಯದ ಮೈಸೂರು ಸಕ್ಕರೆ ಕಂಪನಿ 1933ರದ್ದು, ಅದರ ಹಿಂದೆ ನಿಂತವರು ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್. ಗಾಂಧಿ 1934ರ ಡಿಸೆಂಬರಿನಲ್ಲಿ ಗ್ರಾಮೋದ್ಯೋಗ ಸಂಘ ಕಟ್ಟಿದಾಗ ಗಾಣದೆಣ್ಣೆ, ಕುಟ್ಟಿದ ಅಕ್ಕಿಯ ಜೊತೆ ಬೆಲ್ಲವೂ ಅದರ ಪಟ್ಟಿಯಲ್ಲಿತ್ತು. ಗಿರಣಿಯ ಹೊಗೆಕೊಳವೆ ಎದುರು ಆಲೆಮನೆಯನ್ನು ನಿಲ್ಲಿಸುವ ಪ್ರಯತ್ನ ಅದು.

1942ರಲ್ಲಿ ಪುಣೆಯ ಆಗಾ ಖಾನ್ ಅರಮನೆಯಲ್ಲಿ ಸೆರೆಯಲ್ಲಿದ್ದಾಗ ಗಾಂಧಿ ಆರೋಗ್ಯದ ಮೇಲೆ ಒಂದು ಪುಟ್ಟ ಪುಸ್ತಕ ಬರೆದರು. ಇಂಗ್ಲಿಷಿನಲ್ಲಿ ಅದು 'ಕೀ ಟು ಹೆಲ್ತ್' ಎಂದು ಪ್ರಸಿದ್ಧ. ಕೂತು ಕೆಲಸ ಮಾಡುವವನ ದಿನದ ಊಟದ ಪಟ್ಟಿ ಅದರಲ್ಲಿದೆ. ನನ್ನಂಥವನಿಗೇ ಬರೆದ ಹಾಗಿದೆ, ಹಾಗಾಗಿ ಎಕ್ಸೆಲ್ ಶೀಟಿನಲ್ಲಿ ಕೂಡಿಸಿ ನೋಡಿದೆ. ಹಸುವಿನ ಹಾಲು 2 ಪೌಂಡ್, ಧಾನ್ಯ 6 ಔನ್ಸ್, ಸೊಪ್ಪು, ತರಕಾರಿ, ತುಪ್ಪ ಒಂದೂವರೆ ಔನ್ಸ್, ಬೆಲ್ಲ ಅಥವಾ ಸಕ್ಕರೆ ಒಂದೂವರೆ ಔನ್ಸ್. ಒಂದೂವರೆ ಔನ್ಸ್ ಅಂದರೆ 42 ಗ್ರಾಂ. ತುಪ್ಪದಿಂದ 380 ಕ್ಯಾಲರಿ, ಬೆಲ್ಲದಿಂದ 160. ಅಸ್ವಾದ ವ್ರತ ಹಿಡಿದ ಮನುಷ್ಯ ದಿನಕ್ಕೆ 42 ಗ್ರಾಂ ತುಪ್ಪ ಬರೆದುಕೊಟ್ಟಿದ್ದಾರೆ! ಇವತ್ತಿನ ಯಾವ ಡಯಟಿಶಿಯನ್ ಹತ್ತಿರ ಹೋದರೂ ಅದರ ಅರ್ಧ ಸಿಗುವುದಿಲ್ಲ. ಸಪ್ಪೆ ತಿನ್ನಿ ಎಂದರೇ ಹೊರತು ಕಡಿಮೆ ತಿನ್ನಿ, ಜಿಡ್ಡು ಬಿಡಿ ಎನ್ನುವ ನಮ್ಮ ಕಾಲದ ಗೀಳು ಆ ಪಟ್ಟಿಯಲ್ಲಿಲ್ಲ.

ಆ ಗೀಳಿಗೆ ಬೇಕಾದ ಅಳತೆಗೋಲು ಅಷ್ಟರಲ್ಲಿ ಭಾರತಕ್ಕೆ ಬಂದಿತ್ತು. ಕೂನೂರಿನ ಪೌಷ್ಟಿಕಾಂಶ ಪ್ರಯೋಗಾಲಯದ ಮುಖ್ಯಸ್ಥರಾಗಿದ್ದ ಡಬ್ಲ್ಯು. ಆರ್. ಐಕ್ರಾಯ್ಡ್ 1937ರಲ್ಲಿ ಭಾರತೀಯ ಆಹಾರಗಳ ಪೋಷಕಾಂಶದ ಕೋಷ್ಟಕ ಪ್ರಕಟಿಸಿದರು. ನಮ್ಮ ರಾಗಿ, ಜೋಳ, ಕುಂಬಳ ಎಲ್ಲ ಅಂಕಿಗಳಾಗಿ ನಿಂತದ್ದು ಅಲ್ಲಿ. ಆ ಪ್ರಯೋಗಾಲಯವೇ 1958ರಲ್ಲಿ ಹೈದರಾಬಾದಿಗೆ ಹೋಗಿ ಇಂದಿನ ರಾಷ್ಟ್ರೀಯ ಪೋಷಣ ಸಂಸ್ಥೆಯಾಯಿತು. ಐಕ್ರಾಯ್ಡ್ ಮುಂದೆ 1967ರಲ್ಲಿ 'ಸ್ವೀಟ್ ಮೇಲ್‌ಫ್ಯಾಕ್ಟರ್' ಎಂಬ ಪುಸ್ತಕ ಬರೆದರು, ಸಕ್ಕರೆ ಮತ್ತು ಗುಲಾಮಗಿರಿಯ ಇತಿಹಾಸ. ನಮ್ಮ ಊಟಕ್ಕೆ ಕ್ಯಾಲರಿಯ ಲೆಕ್ಕ ಹಾಕಿದವರೇ ಸಕ್ಕರೆಗೆ ರಕ್ತದ ಲೆಕ್ಕವನ್ನೂ ಹಾಕಿದರು. ಎರಡನೆಯ ಲೆಕ್ಕ ಪ್ಯಾಕೆಟ್ಟಿನ ಹಿಂದೆ ಅಚ್ಚಾಗುವುದಿಲ್ಲ.

ಅಂಕಿಗಳನ್ನು ಅಡುಗೆಮನೆಗೆ ತಲುಪಿಸಿದವರಲ್ಲಿ ವಡೋದರಾಕ್ಕೆ ಪಾಲಿದೆ. ಹಂಸಾ ಮೆಹ್ತಾ ಸೂರತ್ತಿನಲ್ಲಿ 1897ರಲ್ಲಿ ಹುಟ್ಟಿದವರು, ಬರೋಡೆಯ ದಿವಾನರ ಮಗಳು. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆಯಲ್ಲಿ 'ಎಲ್ಲ ಪುರುಷರು' ಎಂದಿದ್ದನ್ನು 'ಎಲ್ಲ ಮನುಷ್ಯರು' ಎಂದು ತಿದ್ದಿಸಿದವರು. 1949ರಲ್ಲಿ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯ ಆರಂಭವಾದಾಗ ಅವರೇ ಕುಲಪತಿ, ಅವರ ಕಾಲದಲ್ಲೇ ಅಲ್ಲಿ ಗೃಹವಿಜ್ಞಾನ ವಿಭಾಗ ಶುರುವಾಯಿತು. ಅಡುಗೆಮನೆಯನ್ನು ಪ್ರಯೋಗಾಲಯವಾಗಿ ನೋಡುವುದು, ಹೆಣ್ಣುಮಕ್ಕಳಿಗೆ ಆ ಕೆಲಸಕ್ಕೆ ಪದವಿ ಕೊಡುವುದು ಆಗಿನ ಮಟ್ಟಿಗೆ ಸಣ್ಣ ಮಾತಲ್ಲ. ಗೃಹವಿಜ್ಞಾನ ಅಂದರೆ ಗಂಡು ನೋಡುವಾಗ ಹೇಳಲು ಒಂದು ಡಿಗ್ರಿ ಎಂದು ಗೇಲಿ ಮಾಡುತ್ತಿದ್ದ ಕಾಲದಲ್ಲಿ ಬೆಳೆದವನು ನಾನು. ಇಲ್ಲಿಗೆ ಬಂದ ಮೇಲೆ ಆ ಗೇಲಿ ಬಿಟ್ಟುಹೋಯಿತು.

ಇನ್ನು ಸಕ್ಕರೆಯೇ ಇಲ್ಲದ ಸಿಹಿ. 1879ರಲ್ಲಿ ಸ್ಯಾಕರಿನ್ ಸಿಕ್ಕಿತು. 1976ರಲ್ಲಿ ಲಂಡನ್ನಿನ ಒಂದು ಪ್ರಯೋಗಾಲಯದಲ್ಲಿ ಶಶಿಕಾಂತ ಫಡ್ನೀಸ್ ಎಂಬ ಸಂಶೋಧಕ, ಮಾರ್ಗದರ್ಶಕರು 'ಟೆಸ್ಟ್' ಮಾಡು ಎಂದದ್ದನ್ನು 'ಟೇಸ್ಟ್' ಎಂದು ಕೇಳಿಸಿಕೊಂಡು ನಾಲಿಗೆಗೆ ಹಚ್ಚಿಕೊಂಡರು. ಸುಕ್ರಲೋಸ್ ಹುಟ್ಟಿದ್ದು ಹಾಗೆ. ಭಾರತದಲ್ಲಿ ಈ ವ್ಯಾಪಾರ ಬೆಳೆದದ್ದು ಅಹಮದಾಬಾದಿನಲ್ಲಿ. 1952ರಲ್ಲಿ ಶುರುವಾದ ಇಲ್ಲಿಯ ಕ್ಯಾಡಿಲಾ 1988ರಲ್ಲಿ ಶುಗರ್ ಫ್ರೀ ಹೆಸರಿನ ಗುಳಿಗೆಗಳನ್ನು ತಂದಿತು. ಈಗ ಅದು ಝೈಡಸ್ ಕೈಯಲ್ಲಿದೆ. ಕುಂಬಳವನ್ನು ಸಪ್ಪೆ ಬೇಯಿಸಿದ ಆಶ್ರಮ, ಸಕ್ಕರೆ ಇಲ್ಲದೆ ಸಿಹಿ ಮಾಡುವ ಗುಳಿಗೆ, ಬೇಳೆಗೂ ಬೆಲ್ಲ ಹಾಕುವ ಊಟ, ಮೂರೂ ಒಂದೇ ಊರಿನವು.

ಆ ಗುಳಿಗೆಯಿಂದ ಹಲ್ವ ಮಾಡಬಹುದೇ? ಮಾಡಬಹುದು, ಆದರೆ ಹಲ್ವ ಅನ್ನಿಸಿಕೊಳ್ಳುವುದಿಲ್ಲ. ಸಕ್ಕರೆ ಕೊಡುವುದು ಸಿಹಿಯೊಂದನ್ನೇ ಅಲ್ಲ, ಮೈಯನ್ನೂ ಕೊಡುತ್ತದೆ. ತೂಕ, ಹೊಳಪು, ಅಂಟು ಎಲ್ಲ ಅದರದೇ. ಚಿಟಿಕೆ ಪುಡಿಗೆ ಅದು ಸಾಧ್ಯವಿಲ್ಲ. ಆಸ್ಪರ್ಟೇಮ್ ಆದರೆ ಒಲೆಯ ಬಿಸಿಗೆ ಸಿಹಿಯನ್ನೇ ಕಳೆದುಕೊಳ್ಳುತ್ತದೆ. ತೂಕ ಇಳಿಸಲು ಇಂಥ ಬದಲಿ ಸಿಹಿಗಳನ್ನು ನಂಬಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ ತಿಂಗಳಲ್ಲಿ ಹೇಳಿತು. ಈಗಾಗಲೇ ಮಧುಮೇಹ ಇರುವವರಿಗೆ ಆ ಸಲಹೆ ಅನ್ವಯಿಸದು, ಅದು ಬೇರೆ ಮಾತು.

ಹಾಗಾದರೆ ಬೆಲ್ಲ? ಅಹಮದಾಬಾದಿನ ಮಿಠಾಯಿ ಅಂಗಡಿಗಳಲ್ಲಿ 'ಗೋಳ್ ಹಾಕಿದ್ದು, ಹೆಲ್ದಿ' ಎಂಬ ಚೀಟಿ ಈಗ ಸಾಮಾನ್ಯ. ನೂರು ಗ್ರಾಂ ಸಕ್ಕರೆಗೆ 387 ಕ್ಯಾಲರಿ, ಬೆಲ್ಲಕ್ಕೆ 380ರ ಹತ್ತಿರ. ಬೆಲ್ಲದ ಪರಿಮಳಕ್ಕೆ ನಾನು ಸೋಲುತ್ತೇನೆ, ಮಹಾಲಿಂಗಪುರದ ಅಚ್ಚು ಬಂದರೆ ಬಚ್ಚಿಡುತ್ತೇನೆ. ಆದರೆ ಲೆಕ್ಕದಲ್ಲಿ ಅದು ಸಕ್ಕರೆಯ ಖಾಸಾ ತಮ್ಮ. ಇನ್ನು ಕೂಲಿಯ ವಿಷಯಕ್ಕೆ ಬಂದರೆ, 1928ರ ಸತ್ಯಾಗ್ರಹದಿಂದ ಹೆಸರಾದ ಸೂರತ್ ಜಿಲ್ಲೆಯ ಬಾರಡೋಲಿ ಆಗ ಹತ್ತಿಯ ನಾಡು. ತಾಪಿಯ ಕಾಲುವೆ ನೀರು ಬಂದ ಮೇಲೆ ಕಬ್ಬಿನ ನಾಡಾಯಿತು, ದೊಡ್ಡ ಸಹಕಾರಿ ಕಾರ್ಖಾನೆ ಎದ್ದಿತು. ಕಬ್ಬು ಕಡಿಯಲು ಖಾನದೇಶದಿಂದಲೂ ಡಾಂಗ್ ಕಾಡಿನಿಂದಲೂ ಮುಂಗಡ ಸಾಲ ಹೊತ್ತು ಬರುವ ಕೊಯ್ತಾ ಕೂಲಿಗಳ ಬದುಕನ್ನು ಡಚ್ ಸಮಾಜಶಾಸ್ತ್ರಜ್ಞ ಯಾನ್ ಬ್ರೆಮನ್ ದಶಕಗಳ ಕಾಲ ಹಿಂಬಾಲಿಸಿ ಬರೆದಿದ್ದಾರೆ. ನಮ್ಮ ಮುಧೋಳ, ಜಮಖಂಡಿಯ ಗದ್ದೆಗಳಲ್ಲಿ ಗ್ಯಾಂಗು ಇಳಿದು ಸೋಗೆಯ ಗುಡಿಸಲು ಹಾಕುವುದನ್ನು ಕಂಡವರಿಗೆ ಆ ಪುಟಗಳಲ್ಲಿ ಹೊಸದೇನೂ ಕಾಣುವುದಿಲ್ಲ.

ಈಗ ಹಲ್ವದ ಲೆಕ್ಕ. ರೂಢಿಯ ಪ್ರಕಾರ ಒಂದು ಕಿಲೋ ಕುಂಬಳಕ್ಕೆ 400 ಗ್ರಾಂ ಸಕ್ಕರೆ, 150 ಗ್ರಾಂ ತುಪ್ಪ, 200 ಗ್ರಾಂ ಮಾವಾ. ಸಕ್ಕರೆಯಿಂದ 1,550, ತುಪ್ಪದಿಂದ 1,350, ಮಾವಾದಿಂದ ಸುಮಾರು 840. ಕುಂಬಳದಿಂದ? 260. ಒಟ್ಟು 4,000ದಲ್ಲಿ ಕುಂಬಳದ ಪಾಲು ನೂರಕ್ಕೆ ಆರೂವರೆ. ಹೆಸರು ಮಾತ್ರ ಕುಂಬಳದ್ದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳಬೇಕಾದದ್ದು ಸಕ್ಕರೆ ಮತ್ತು ತುಪ್ಪ.

ನಾನು ಮಾಡುವುದು ಹೀಗೆ. ಕಾಯಿ ತಂದ ದಿನವೇ ಕೊಯ್ಯುವುದಿಲ್ಲ. ಬಲಿತ ಇಡೀ ಕಾಯಿಯನ್ನು ಗಾಳಿಯಾಡುವ ಜಾಗದಲ್ಲಿ ಕೆಲವು ವಾರ ಇಟ್ಟರೆ ಒಳಗಿನ ಪಿಷ್ಟ ಸಕ್ಕರೆಯಾಗುತ್ತ ಹೋಗುತ್ತದೆ. ಅಜ್ಜಿ ಕುಂಬಳವನ್ನು ಅಟ್ಟಕ್ಕೆ ಏರಿಸುತ್ತಿದ್ದದ್ದು ಜಾಗ ಇಲ್ಲ ಅಂತ ಮಾತ್ರವಲ್ಲ. ಬೆಂಗಳೂರಿನ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಚಂದನ್ ತಳಿ ಸಿಕ್ಕರೆ ಅದೇ ಒಳ್ಳೆಯದು, ಎರಡು ಮೂರು ಕಿಲೋದ ಸಣ್ಣ ಕಾಯಿ, ಗಟ್ಟಿ ತಿರುಳು. ಕುಂಬಳದಲ್ಲಿ ನೂರಕ್ಕೆ ತೊಂಬತ್ತು ಪಾಲು ನೀರು. ಕುದಿಸಿದರೆ ಆ ನೀರಿಗೆ ಇನ್ನಷ್ಟು ನೀರು ಸೇರುತ್ತದೆ, ಆಶ್ರಮದ ಪಲ್ಯ ಕೆಟ್ಟದ್ದು ಅಲ್ಲೇ ಇರಬೇಕು. ಹೋಳುಗಳನ್ನು ಸಿಪ್ಪೆ ಸಮೇತ ಓವನ್ನಿನಲ್ಲಿ 200 ಡಿಗ್ರಿಗೆ ಮುಕ್ಕಾಲು ಗಂಟೆ ಸುಡುತ್ತೇನೆ. ಅಂಚು ಕಂದಾಗಬೇಕು. ನೀರು ಹೋಗಿ ಸಿಹಿ ಒಟ್ಟುಗೂಡುತ್ತದೆ. ತಿರುಳನ್ನು ತೆಗೆದು ಕಿವುಚಿ, 250 ಮಿಲಿ ಹಾಲು ಅರ್ಧಕ್ಕಿಳಿದ ಮೇಲೆ ಅದರಲ್ಲಿ ಹಾಕಿ ಬಾಡಿಸುತ್ತೇನೆ. ಆರು ಖರ್ಜೂರವನ್ನು ಆ ಹಾಲಿನಲ್ಲೇ ನೆನೆಸಿ ಅರೆದು ಸೇರಿಸಬೇಕು. ಕೊನೆಗೆ ಎರಡು ಚಮಚ ತುಪ್ಪ. ತುಪ್ಪ ಪೂರ್ತಿ ಬಿಡಬಾರದು, ಕುಂಬಳದ ಕ್ಯಾರೋಟಿನ್ ಮೈಗೆ ಹತ್ತಲು ಸ್ವಲ್ಪ ಜಿಡ್ಡು ಬೇಕು. ಏಲಕ್ಕಿ, ಚಿಟಿಕೆ ಉಪ್ಪು. ಉಪ್ಪು ಸಿಹಿಯನ್ನು ಎತ್ತಿ ಕೊಡುತ್ತದೆ. ಒಟ್ಟು 630 ಕ್ಯಾಲರಿ, ಆರು ಬಟ್ಟಲು. ಬಟ್ಟಲಿಗೆ ನೂರೈದು. ಖರ್ಜೂರದಲ್ಲಿರುವುದೂ ಸಕ್ಕರೆಯೇ, ಹಾಗಾಗಿ ಅಪ್ಪನಿಗೆ ಅರ್ಧ ಬಟ್ಟಲು, ಊಟದ ಜೊತೆಗೆ, ಆ ದಿನ ಒಂದು ಚಪಾತಿ ಕಡಿಮೆ. ಇದು ಅವನ ಡಾಕ್ಟರರು ಒಪ್ಪಿದ ಒಪ್ಪಂದ.

ಗಾರಿಗೆಗೆ ಈ ಉಪಾಯ ನಡೆಯಲಿಲ್ಲ. ಬೆಲ್ಲ ಕಾಲುಭಾಗಕ್ಕೆ ಇಳಿಸಿ, ಎಣ್ಣೆಗೆ ಹಾಕದೆ ತವೆಯ ಮೇಲೆ ಬೇಯಿಸಿ ಕೊಟ್ಟಾಗ ಅವ್ವ ಒಂದು ತುಣುಕು ಮುರಿದು ಬಾಯಿಗೆ ಹಾಕಿಕೊಂಡಳು. "ಛಲೋ ಐತಿ. ಆದ್ರ ಇದಕ್ಕ ಗಾರಿಗಿ ಅನ್ನಬ್ಯಾಡಪ್ಪ, ಥಾಲಿಪಟ್ಟು ಅನ್ನು" ಅಂದಳು. ಒಪ್ಪಿದೆ. ದೀಪಾವಳಿಗೆ ಅವಳೇ ಒಲೆ ಮುಂದೆ ನಿಂತು ಮಹಾಲಿಂಗಪುರದ ಬೆಲ್ಲ ಹಾಕಿ, ಎಣ್ಣೆಯಲ್ಲಿ ಕರಿದಳು. ಅಪ್ಪನಿಗೆ ಒಂದು, ಪೂರ್ತಿ ಒಂದು. ಆತ ಈ ಸಲ ಬಾಲ್ಕನಿಗೆ ಹೋಗಲಿಲ್ಲ, ಗಸಗಸೆಯನ್ನು ನಾಲಿಗೆ ತುದಿಯಿಂದ ಬಿಡಿಸುತ್ತ ಕಾಲು ಗಂಟೆ ತಿಂದ. ನಾನು ಆ ಸಾಲನ್ನು ಎಕ್ಸೆಲ್ ಶೀಟಿಗೆ ಏರಿಸಲಿಲ್ಲ.